ಸಫಾದಿಂದ ಮರ್ವಾಕ್ಕೆ

ಮೆಕ್ಕಾಕ್ಕೆ ಹೋಗಿ ಉಮ್ರಾ ಎಂಬ ಕಿರುಯಾತ್ರೆ ಮುಗಿಸಿ ಬಂದವರು ಹೆಚ್ಚಾಗಿ ಕಅಬಾದ ಮೊದಲ ನೋಟದ ಬಗ್ಗೆಯೇ ಹೇಳುತ್ತಾರೆ. ಅದು ಸಹಜ. ಆದರೆ ಈ ಯಾತ್ರೆಯಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಸಫಾ ಮತ್ತು ಮರ್ವಾ ಎಂಬ ಎರಡು ಗುಡ್ಡಗಳ ನಡುವಿನ ಉದ್ದನೆಯ ಹಾದಿ, ಅದರಲ್ಲೂ ಮೇಲೆ ಹಸಿರು ದೀಪ ಉರಿಯುವ ಒಂದು ತುಂಡು ಜಾಗ. ಅಲ್ಲಿಗೆ ಬರುವ ಮೊದಲು ಇಹ್ರಾಮಿನ, ಅಂದರೆ ಸಂಕಲ್ಪ ಮಾಡಿ ಯಾತ್ರೆಯ ಕಟ್ಟುಪಾಡಿಗೆ ಒಳಗಾಗುವುದರ, ವಿಷಯ ಹೇಳಲೇಬೇಕು. ನಮ್ಮ ತಂಡದ ಒಬ್ಬರು ಎಡವಿದ್ದು ಅಲ್ಲೇ.

ಉಮ್ರಾಕ್ಕೆಂದು ಹೊರಟವರು ಇಹ್ರಾಂ ಇಲ್ಲದೆ ಮೀಖಾತಿನ ಗಡಿ ದಾಟುವಂತಿಲ್ಲ. ಅಂಥ ಗಡಿಗಳು ಐದು. ಮದೀನಾದಿಂದ ಬರುವವರಿಗೆ ಝುಲ್ ಹುಲೈಫಾ. ಪೂರ್ವದಿಂದ ಬರುವ ವಿಮಾನಗಳು ಸಾಮಾನ್ಯವಾಗಿ ತಾಯಿಫ್ ಕಡೆಯ ಖರ್ನುಲ್ ಮನಾಝಿಲನ್ನು ಆಕಾಶದಲ್ಲೇ ದಾಟಿಬಿಡುತ್ತವೆ. ಜಿದ್ದಾ ಇರುವುದು ಅದರ ಒಳಗೆ. ಹಾಗಾಗಿ ಜಿದ್ದಾದಲ್ಲಿ ಇಳಿದ ಮೇಲೆ ಉಟ್ಟರಾಯಿತು ಅಂದುಕೊಂಡರೆ ಕೆಲಸ ಕೆಟ್ಟಂತೆಯೇ. ನಮ್ಮವರು ಗಂಡಸರು ಇಹ್ರಾಮಿನಲ್ಲಿ ಉಡುವ ಎರಡೂ ಬಿಳಿ ಬಟ್ಟೆಗಳನ್ನು ದೊಡ್ಡ ಸೂಟ್‌ಕೇಸಿಗೆ ತುಂಬಿ, ವಿಮಾನದ ಹೊಟ್ಟೆಗೆ ಕಳಿಸಿದ್ದರು. ಮೀಖಾತ್ ಹತ್ತಿರ ಬಂತೆಂದು ಘೋಷಣೆಯಾದಾಗ ಕೈಯಲ್ಲಿ ಏನೂ ಇಲ್ಲ. ಬಟ್ಟೆಯಿಲ್ಲದೆ ನಿಯ್ಯತ್ (ಸಂಕಲ್ಪ) ಆಗದೆಂದು ಸುಮ್ಮನೆ ಕೂತರು. ಜಿದ್ದಾದಲ್ಲಿ ಇಳಿದ ಮೇಲೆ ಮತ್ತೆ ಖರ್ನುಲ್ ಮನಾಝಿಲ್‌ವರೆಗೆ ಟ್ಯಾಕ್ಸಿಯಲ್ಲಿ ಹೋಗಿ, ಅಲ್ಲಿ ಇಹ್ರಾಂ ಕಟ್ಟಿ ಬರಬೇಕಾಯಿತು. ಹಾಗೆ ಹಿಂದಿರುಗಿ ಹೋಗದೆ ಒಳಗೇ ಇಹ್ರಾಂ ಕಟ್ಟಿದ್ದರೆ ದಮ್ ಕೊಡಬೇಕಿತ್ತು, ಅಂದರೆ ಹರಮ್ ಎಂಬ ಪವಿತ್ರ ವಲಯದೊಳಗೆ ಒಂದು ಕುರಿಯ ಬಲಿ.

ಇಹ್ರಾಂ ಅಂದರೆ ಬಟ್ಟೆಯಲ್ಲ, ನಿಯ್ಯತ್. ಇದನ್ನು ಹೊರಡುವ ಮೊದಲೇ ಯಾರಾದರೂ ಅವರಿಗೆ ಒತ್ತಿ ಹೇಳಿದ್ದರೆ, ಅಂಗಿ ಕಳಚಿ ಹೊದಿಕೆಯೊಂದನ್ನು ಹೊದ್ದು, ಕೂತಲ್ಲೇ ನಿಯ್ಯತ್ ಮಾಡಿ ತಲ್ಬಿಯ (‘ಲಬ್ಬೈಕ್’ ಎಂಬ ಯಾತ್ರೆಯ ಘೋಷ) ಹೇಳುತ್ತಿದ್ದರು. ಪ್ಯಾಂಟು ತೊಟ್ಟಿದ್ದಕ್ಕೆ ಫಿದ್ಯಾ, ಅಂದರೆ ಪರಿಹಾರ, ಬಂದರೂ ಅದರಲ್ಲಿ ಮೂರು ದಿನದ ಉಪವಾಸದ ದಾರಿಯೂ ಇದೆ. ಎಲ್ಲಕ್ಕಿಂತ ಸುಲಭ, ಸ್ನಾನ ಮಾಡಿ ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಬಟ್ಟೆ ಉಟ್ಟುಕೊಂಡೇ ಹತ್ತುವುದು, ಘೋಷಣೆ ಕೇಳಿದ ಕೂಡಲೇ ನಿಯ್ಯತ್ ಮಾಡುವುದು. ಗಡಿ ದಾಟಲು ವಿಮಾನಕ್ಕೆ ಹೆಚ್ಚು ಹೊತ್ತು ಬೇಡ, ನಿದ್ದೆ ಬಂದರೆ ಹೋಯಿತು. ನಿಯ್ಯತ್ ಆದ ಮೇಲೆ ಊಟದ ಜೊತೆ ಕೊಡುವ ಘಮಘಮಿಸುವ ಒದ್ದೆ ಟಿಶ್ಯೂ ಮುಟ್ಟಬೇಡಿ. ಸುಗಂಧ ನಿಷಿದ್ಧ. ಉಗುರು, ಕೂದಲು ಕತ್ತರಿಸುವಂತಿಲ್ಲ. ಗಂಡಸರು ತಲೆ ಮುಚ್ಚುವಂತಿಲ್ಲ. ಹೆಂಗಸರಿಗೆ ಅವರ ಮಾಮೂಲು ಉಡುಪೇ ಸಾಕು, ನಿಖಾಬ್ ಮತ್ತು ಕೈಗವಸು ಮಾತ್ರ ಬೇಡ.

ಮಸ್ಜಿದುಲ್ ಹರಾಮಿನಲ್ಲಿ ತವಾಫ್, ಅಂದರೆ ಕಅಬಾದ ಪ್ರದಕ್ಷಿಣೆ, ಶುರುವಾಗುವುದು ಹಜರುಲ್ ಅಸ್ವದ್ ಎಂಬ ಕಪ್ಪು ಕಲ್ಲಿರುವ ಮೂಲೆಯಿಂದ. ಅದಕ್ಕೆ ನೇರವಾಗಿ ಮಸೀದಿಯ ಗೋಡೆಯಲ್ಲಿ ಹಸಿರು ದೀಪವಿದೆ. ಜನಸಂದಣಿಯಲ್ಲಿ ಕಲ್ಲು ಕಾಣದಿದ್ದರೂ ದೀಪ ಕಾಣುತ್ತದೆ. ಕಅಬಾ ಎಡಗಡೆಗಿರಬೇಕು, ಸುತ್ತು ಏಳು. ಗಂಡಸರು ಬಲ ಭುಜವನ್ನು ತೆರೆದಿಡುವುದು ಈ ಏಳು ಸುತ್ತಿಗೆ ಮಾತ್ರ. ವಿಮಾನದಿಂದಲೇ ಭುಜ ತೆರೆದುಕೊಂಡು ಬರುವವರು, ಹಾಗೆಯೇ ನಮಾಝಿಗೂ ನಿಲ್ಲುವವರು ಬೇಕಾದಷ್ಟು ಕಾಣಸಿಗುತ್ತಾರೆ. ತವಾಫ್ ಮುಗಿದ ಕೂಡಲೇ ಎರಡೂ ಭುಜ ಮುಚ್ಚಿ, ಆಮೇಲೆ ಕಅಬಾದ ಎದುರಿನ ಮಖಾಮೆ ಇಬ್ರಾಹೀಮಿನ ಹಿಂದೆ ಎರಡು ರಕಅತ್ ನಮಾಝ್. ಹತ್ತಿರ ಜಾಗ ಸಿಗದಿದ್ದರೆ ಮಸೀದಿಯಲ್ಲಿ ಎಲ್ಲಿ ನಿಂತರೂ ಆಗುತ್ತದೆ.

ದಾರಿ ಹತ್ತಿರವಾಗುತ್ತದೆಂದು ಅರ್ಧಚಂದ್ರಾಕಾರದ ಗಿಡ್ಡ ಗೋಡೆಯೊಳಗೆ, ಅಂದರೆ ಹತೀಮಿನೊಳಗೆ ನುಗ್ಗಿ ಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ. ಕುರೈಶರು ಕಅಬಾವನ್ನು ಮತ್ತೆ ಕಟ್ಟಿದಾಗ ಶುದ್ಧ ಸಂಪಾದನೆಯ ಹಣ ಸಾಲದೆ ಹೊರಗೆ ಬಿಟ್ಟ ಭಾಗ ಅದರಲ್ಲಿ ಸೇರಿದೆ. ಅದರೊಳಗೆ ನಡೆದರೆ ಕಅಬಾವನ್ನು ಸುತ್ತಿದಂತಾಗುವುದಿಲ್ಲ. ಕಲ್ಲನ್ನು ಮುತ್ತಿಡಲೆಂದು ಮೊಣಕೈಯಿಂದ ಜನರನ್ನು ತಿವಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ದೂರದಿಂದ ಕೈ ಎತ್ತಿ ಅಲ್ಲಾಹು ಅಕ್ಬರ್ ಅಂದರೆ ಸುನ್ನತ್ ಪೂರ್ತಿಯಾಗುತ್ತದೆ. ಇನ್ನೊಬ್ಬರಿಗೆ ನೋವು ಕೊಡುವುದು ಹರಾಮ್. ಮೇಲಾಗಿ ಕಲ್ಲಿಗೂ ಕಅಬಾದ ಹೊದಿಕೆಯಾದ ಕಿಸ್ವಾಕ್ಕೂ ಸುಗಂಧ ಬಳಿದಿರುತ್ತಾರೆ, ಇಹ್ರಾಮಿನಲ್ಲಿದ್ದವರ ಕೈಗೆ ಅದು ಅಂಟುತ್ತದೆ. ಸುತ್ತಿಗೊಂದರಂತೆ ದುಆ (ಪ್ರಾರ್ಥನೆ) ಅಚ್ಚಾದ ಕಿರುಪುಸ್ತಕಗಳೂ ಅಗತ್ಯವಿಲ್ಲ. ಕಅಬಾದ ರುಕ್ನುಲ್ ಯಮಾನಿ ಮೂಲೆಯಿಂದ ಕಪ್ಪು ಕಲ್ಲಿನವರೆಗೆ ಓದುವ ‘ರಬ್ಬನಾ ಆತಿನಾ’ ಒಂದನ್ನು ಬಿಟ್ಟರೆ ಉಳಿದಲ್ಲೆಲ್ಲ ನಿಮ್ಮ ಭಾಷೆಯಲ್ಲಿ ನಿಮ್ಮ ದುಃಖವನ್ನೇ ಹೇಳಿಕೊಳ್ಳಿ. ಲೆಕ್ಕ ತಪ್ಪಿತೆಂಬ ಅನುಮಾನ ಬಂದರೆ ಕಡಿಮೆ ಸಂಖ್ಯೆಯನ್ನೇ ಹಿಡಿಯಬೇಕು, ನಾಲ್ಕೋ ಐದೋ ಅನ್ನಿಸಿದರೆ ನಾಲ್ಕು.

ಝಮ್‌ಝಮ್ ಬಾವಿಯ ನೀರು ಕುಡಿಯುವಾಗ ಪೀಪಾಯಿಯ ಮೇಲಿನ ಬರಹ ನೋಡಿ. ತಣ್ಣಗಿಲ್ಲದ ನೀರಿನದು ಬೇರೆಯೇ ಇರುತ್ತದೆ. ಬೆವರಿಳಿಯುವ ಮೈಗೆ, ವಯಸ್ಸಾದವರ ಗಂಟಲಿಗೆ ಅದೇ ಒಳ್ಳೆಯದು.

ಇನ್ನು ಸಯೀ, ಅಂದರೆ ಸಫಾ ಮರ್ವಾಗಳ ನಡುವೆ ಏಳು ಸಲ ನಡೆಯುವುದು. ಸಫಾದ ಮೇಲೆ ಕಅಬಾದತ್ತ ಮುಖಮಾಡಿ ತಕ್ಬೀರ್ ಹೇಳಿ, ದುಆ ಮಾಡಿ ಇಳಿಯಬೇಕು. ಸಫಾದಿಂದ ಮರ್ವಾಕ್ಕೆ ಹೋದರೆ ಒಂದು, ಅಲ್ಲಿಂದ ಬಂದರೆ ಎರಡು. ಏಳನೆಯದು ಮರ್ವಾದಲ್ಲೇ ಮುಗಿಯುತ್ತದೆ. ಹೋಗಿಬರುವುದನ್ನು ಒಂದೆಂದು ಎಣಿಸಿ ಹದಿನಾಲ್ಕು ಸಲ ನಡೆದು ಕಾಲು ಬಾತು ಕೂತವರಿದ್ದಾರೆ. ನಿಮ್ಮ ಏಳನೆಯದು ಸಫಾದಲ್ಲಿ ಮುಗಿದರೆ ಎಲ್ಲೋ ಎಣಿಕೆ ತಪ್ಪಿದೆ ಎಂದೇ ಅರ್ಥ. ಏಳೂ ಸೇರಿ ಹತ್ತಿರಹತ್ತಿರ 3 ಕಿಲೋಮೀಟರ್, ಅಮೃತಶಿಲೆಯ ಮೇಲೆ ಬರಿಗಾಲಲ್ಲಿ. ವುಝೂ (ಅಂಗಶುದ್ಧಿ) ಇದ್ದರೆ ಉತ್ತಮ, ಮುರಿದರೂ ಸಯೀ ಕೆಡುವುದಿಲ್ಲ.

ಸಫಾ ಬಿಟ್ಟು ಸ್ವಲ್ಪ ನಡೆದರೆ ಮೇಲೆ ಹಸಿರು ದೀಪಗಳು ಶುರುವಾಗುತ್ತವೆ. ಗಂಡಸರು ಅಲ್ಲಿ ಓಡುನಡಿಗೆ ಹಿಡಿಯುತ್ತಾರೆ, ದೀಪ ಮುಗಿದಲ್ಲಿ ಮತ್ತೆ ಮಾಮೂಲು ಹೆಜ್ಜೆ. ಮೊದಲ ಸಲ ಅಲ್ಲಿಗೆ ಬಂದಾಗ ತಂಡದ ಹಿರಿಯ ಹೆಂಗಸೊಬ್ಬರು ನಿಂತೇಬಿಟ್ಟರು.

“ಉಸ್ತಾದರೇ, ಇಲ್ಲಿ ಯಾಕೆ ಓಡುವುದು? ಬೇರೆ ಕಡೆ ಯಾಕೆ ಇಲ್ಲ?”

“ಇಲ್ಲಿ ಕಣಿವೆ ಇತ್ತು ಉಮ್ಮಾ. ಪ್ರವಾದಿ ಇಬ್ರಾಹೀಮರ ಮಡದಿ ಬೀವಿ ಹಾಜಿರಾ ನೀರು ಹುಡುಕುತ್ತ ಗುಡ್ಡದ ಮೇಲಿದ್ದಾಗ ಮಗು ಇಸ್ಮಾಈಲ್ ಕಣ್ಣಿಗೆ ಬೀಳುತ್ತಿತ್ತು. ತಗ್ಗಿಗೆ ಇಳಿದರೆ ಕಾಣುತ್ತಿರಲಿಲ್ಲ. ಅದಕ್ಕೇ ತಗ್ಗಿನಲ್ಲಿ ಓಡಿದರು.”

“ಹಾಗಾದರೆ ಓಡಿದ್ದು ಹೆಂಗಸು. ನಮಗೆ ಮಾತ್ರ ಓಡಬೇಡಿ ಅನ್ನುತ್ತೀರಿ.”

“ಅವರು ಓಡಿದಾಗ ಇಲ್ಲಿ ನರಪಿಳ್ಳೆಯೂ ಇರಲಿಲ್ಲ ಉಮ್ಮಾ. ಈಗ ಈ ಜನಜಂಗುಳಿಯಲ್ಲಿ ಹೆಂಗಸರಿಗೆ ನಡಿಗೆಯೇ ಸರಿ ಅಂತ ವಿದ್ವಾಂಸರು ಹೇಳಿದ್ದಾರೆ. ಗಂಡಸರು ಓಡುವುದೂ ಆ ತಾಯಿಯ ಹೆಜ್ಜೆಯನ್ನೇ.”

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮಗು ಮಲಗಿದ್ದು ಯಾವ ಕಡೆ?” ಉಸ್ತಾದರು ಕಅಬಾದ ಕಡೆ ಕೈ ತೋರಿಸಿದರು. ಝಮ್‌ಝಮ್ ಬಾವಿ ಇರುವುದು ಆ ಕಡೆಯೇ, ಈಗ ತವಾಫಿನ ನೆಲದ ಕೆಳಗೆ.

ಅಲ್ಲಿ ಈಗ ತಗ್ಗೂ ಇಲ್ಲ, ಮಣ್ಣೂ ಇಲ್ಲ. ನುಣ್ಣನೆಯ ನೆಲ, ತಂಪು ಗಾಳಿ, ಮಧ್ಯದಲ್ಲಿ ಗಾಲಿಕುರ್ಚಿಗಳ ಓಣಿ. ಕಣಿವೆ ಹೋದರೂ ಓಟ ಉಳಿದಿದೆ. ನೀರಿಗಾಗಿ ಒಬ್ಬ ತಾಯಿ ಪಟ್ಟ ಗಾಬರಿ ಇಬಾದತ್ (ಆರಾಧನೆ) ಆಗಿ, ಸಫಾ ಮತ್ತು ಮರ್ವಾ ಅಲ್ಲಾಹನ ಕುರುಹುಗಳೆಂದು ಕುರ್‌ಆನಿನ 2:158ರಲ್ಲಿ ನಿಂತಿದೆ. ದೊಡ್ಡ ದೊಡ್ಡ ಮೈಕಟ್ಟಿನ ಗಂಡಸರು ಏದುಸಿರು ಬಿಡುತ್ತ ಅವಳಂತೆ ಓಡುವುದನ್ನು ನೋಡುವಾಗ ಕಣ್ಣು ತುಂಬಿಬರುತ್ತದೆ. ಆ ಹಿರಿಯರು ಮುಂದಿನ ಆರೂ ಸಲ ಹಸಿರು ದೀಪದ ಕೆಳಗೆ ಬಂದಾಗಲೆಲ್ಲ ಕಅಬಾದ ಕಡೆ ಕತ್ತು ತಿರುಗಿಸಿ ನೋಡುತ್ತಲೇ ನಡೆದರು.

ಮರ್ವಾದ ಬಳಿ ಕತ್ತರಿ ಹಿಡಿದು ನಾಲ್ಕು ಕೂದಲು ಕತ್ತರಿಸಿ ಕಳಿಸುವವರು ಸಿಗುತ್ತಾರೆ. ಇಸ್ಲಾಮಿನ ನ್ಯಾಯಪಂಥಗಳಲ್ಲಿ ಒಂದಾದ ಶಾಫಿಈ ಮದ್‌ಹಬಿನಲ್ಲಿ ಮೂರು ಕೂದಲಿಗೆ ಕಡ್ಡಾಯ ತೀರುತ್ತದೆ. ಹನಫಿಗಳಿಗೆ ತಲೆಯ ಕಾಲು ಭಾಗವಾದರೂ ಬೇಕು. ಆದರೆ ಪ್ರವಾದಿಯವರು ತಲೆ ಬೋಳಿಸಿದವರಿಗಾಗಿ ಮೂರು ಸಲ, ಕತ್ತರಿಸಿದವರಿಗಾಗಿ ಒಂದು ಸಲ ದುಆ ಮಾಡಿದ್ದಾರೆ, ಅಷ್ಟು ದೂರ ಬಂದವರು ಕ್ಷೌರದಂಗಡಿಗೆ ಹೋಗುವುದೇ ಚೆಂದ. ಹೊಸ ಬ್ಲೇಡ್ ಹಾಕಿಸಿ, ಎದುರಿಗೇ ಪೊಟ್ಟಣ ಬಿಚ್ಚಲು ಹೇಳಿ. ಕೂದಲು ತೆಗೆಯುವ ಮೊದಲೇ ಅಂಗಿ ತೊಟ್ಟರೆ ಮತ್ತೆ ಫಿದ್ಯಾದ ಮಾತು ಬರುತ್ತದೆ.

ಹೆಂಗಸರಿಗೆ ಬೆರಳ ತುದಿಯಷ್ಟು ಸಾಕು. ಕೋಣೆಗೆ ಬಂದ ಮೇಲೆ ಆ ಹಿರಿಯರ ಮಗಳು ಅವರ ಜಡೆಯ ತುದಿ ಹಿಡಿದು ಕತ್ತರಿಯಾಡಿಸಿದಳು. ಬಿಳಿ ಕೂದಲಿನ ಸಣ್ಣ ಎಳೆಗಳನ್ನು ಆಕೆ ಅಂಗೈಯಲ್ಲಿ ತುಂಬಾ ಹೊತ್ತು ಇಟ್ಟುಕೊಂಡಿದ್ದರು.