ಕಂಬದ ಮರೆಯ ಮೈಕು

ನಮ್ಮ ಚರ್ಚಿನ ಸಭೆಯಲ್ಲಿ ಹಾಡಿನ ಸಾಲುಗಳನ್ನು ಪರದೆಯ ಮೇಲೆ ಹಾಕುವ ಕೆಲಸ ನನ್ನದು. ಕೊನೆಯ ಸಾಲಿನ ಹಿಂದೆ, ಸೌಂಡ್ ಮಿಕ್ಸರ್ ಪಕ್ಕ ಒಂದು ಮೇಜು, ಅದರ ಮೇಲೊಂದು ಲ್ಯಾಪ್‌ಟಾಪ್. ಅಲ್ಲಿ ಕೂತವನಿಗೆ ಯಾರ ಮುಖವೂ ಕಾಣುವುದಿಲ್ಲ. ಯಾರು ಎತ್ತ ನೋಡುತ್ತಿದ್ದಾರೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಎಲ್ಲರೂ ನೋಡುತ್ತಿದ್ದುದು ಮುಂದೆ ನಿಂತು ಹಾಡಿಸುವ ನಮ್ಮ ವರ್ಷಿಪ್ ಲೀಡರ್‌ನನ್ನು. ವಾರವೆಲ್ಲ ಬ್ಯಾಂಕಿನ ಕೆಲಸ, ಶನಿವಾರ ಸಂಜೆ ಪ್ರಾಕ್ಟೀಸು, ಭಾನುವಾರ ವೇದಿಕೆ. ದನಿ ಚೆನ್ನಾಗಿದೆ, ಭಕ್ತಿಯೂ ನಿಜದ್ದೇ. ಅವನನ್ನು ಹತ್ತಿರದಿಂದ ಬಲ್ಲ ನಾನು ಇದರಲ್ಲಿ ಅನುಮಾನ ಪಡುವುದಿಲ್ಲ. ಅವನು ಕೈ ಎತ್ತಿದರೆ ಸಭೆ ಕೈ ಎತ್ತುತ್ತಿತ್ತು, ಕಣ್ಣು ಮುಚ್ಚಿದರೆ ಕಣ್ಣು ಮುಚ್ಚುತ್ತಿತ್ತು. ಅವನು ಊರಲ್ಲಿಲ್ಲದ ಭಾನುವಾರ ಗೇಟಿನ ಬಳಿಯೇ "ಇವತ್ತು ಬ್ರದರ್ ಇಲ್ವಾ?" ಎಂದು ವಿಚಾರಿಸಿ, ಕಾಣಿಕೆ ಎತ್ತುವಷ್ಟರಲ್ಲಿ ಎದ್ದು ಹೋಗುವವರಿದ್ದರು. ಯೂಟ್ಯೂಬ್ ಲೈವ್ ಕೆಳಗೆ ಸಾಲುಸಾಲು "ಬ್ರದರ್ ವಾಯ್ಸ್ ಸೂಪರ್". ಪಾಸ್ಟರು ಕೊಡುವ ಪ್ರಸಂಗದ ಬಗ್ಗೆ ಅವರ ಹೆಂಡತಿಯೊಬ್ಬರೇ "ಆಮೆನ್" ಹಾಕುತ್ತಿದ್ದರು.

ಸಿನಿಮಾ ನಟರ ಕಟೌಟಿಗೆ ಹಾಲೆರೆಯುವ ಊರು ನಮ್ಮ ಬೆಂಗಳೂರು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಆ ಚಾಳಿಯನ್ನೂ ಬಿಟ್ಟು ಒಳಗೆ ಬರುತ್ತೇವೆಂದು ಯಾರು ಹೇಳಿದರು?

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ತಾಯಿಯೊಬ್ಬರು ಮಗನನ್ನು ಕರಕೊಂಡು ಅವನ ಬಳಿ ಬಂದರು. ಹುಡುಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕಂತೆ. ಪಾಸ್ಟರು ಪಕ್ಕದಲ್ಲೇ ನಿಂತಿದ್ದರು. ಅವರ ಕಡೆ ಇವನು ಕೈ ತೋರಿಸಿದರೆ ಆಕೆ ಒಪ್ಪಲಿಲ್ಲ. "ನೀವು ಹಾಡಿದ್ರೆ ದೇವರು ಇಳಿದು ಬರ್ತಾರೆ ಬ್ರದರ್, ನೀವೇ ಮಾಡಿ" ಅಂದರು. ಕೇಬಲ್ ಸುತ್ತುತ್ತಿದ್ದ ನಾನು ಅವನ ಮುಖ ನೋಡಿದೆ. ಬೆವರು ಒರೆಸಿಕೊಳ್ಳುತ್ತಿದ್ದ ಕರ್ಚೀಫು ಹಾಗೇ ಕೆನ್ನೆಯ ಮೇಲೆ ನಿಂತುಬಿಟ್ಟಿತ್ತು.

ಮುಂದಿನ ಶನಿವಾರ ಪ್ರಾಕ್ಟೀಸಿಗೆ ಬಂದವನೇ ಮೈಕ್ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಎಡಗಡೆ ಕಂಬದ ಮರೆಗೆ, ಡ್ರಮ್ ಸೆಟ್ಟಿನ ಪಕ್ಕ ಇಟ್ಟ. ಅವನ ಮೇಲೆ ಬೀಳುತ್ತಿದ್ದ ಲೈಟು ಬಂದ್. ಕ್ಯಾಮೆರಾ ಪರದೆಯ ಮೇಲಿರಲಿ, ಸಾಕು ಅಂದ. ಕೀಬೋರ್ಡಿನವನು "ಹುಚ್ಚೇನೋ ನಿಂಗೆ?" ಅಂದ. ಇವನು ಉತ್ತರ ಕೊಡಲಿಲ್ಲ, ಶ್ರುತಿ ಎಷ್ಟು ಅಂತ ಕೇಳಿದ.

ಭಾನುವಾರ ಮೊದಲ ಹಾಡಿಗೆ ಸಭೆಯ ತಲೆಗಳೆಲ್ಲ ಎಡಕ್ಕೆ ವಾಲಿದವು. ಅಜ್ಜಿಯೊಬ್ಬರು ಎದ್ದು ಕುರ್ಚಿ ಬದಲಾಯಿಸಿದರು. ಪಲ್ಲವಿ ಎಲ್ಲಿ ಎತ್ತಿಕೊಳ್ಳಬೇಕೆಂದು ಸನ್ನೆ ಮಾಡುವ ಕೈ ಇಲ್ಲದೆ ಜನ ತಡವರಿಸಿದರು. ಮುಂದಿನ ಸಾಲು ಸರಿಸುವುದಕ್ಕೆ ನನಗೂ ಅದೇ ಕೈ ಬೇಕಿತ್ತು ಅನ್ನಿ. ಎರಡನೆಯದು ಬೈಬಲಿನ 103ನೆಯ ಕೀರ್ತನೆಯ ಮೇಲೆ ಕಟ್ಟಿದ ಹಾಡು. ಅದರಲ್ಲಿ ಅವನು ಮೇಲಿನ ಸ್ಥಾಯಿಗೆ ಹೋಗಿ ಆಲಾಪ ಮಾಡುವ ಜಾಗವೊಂದಿದೆ. ಆಗೆಲ್ಲ ಜನ ಹಾಡು ನಿಲ್ಲಿಸಿ ಕೇಳುತ್ತಿದ್ದರು. ಅವತ್ತು ಅವನು ಅಲ್ಲಿ ಬಾಯಿ ಮುಚ್ಚಿಕೊಂಡ. ತುಸು ಹೊತ್ತು ಬರೀ ಡ್ರಮ್ಮು. ಆಮೇಲೆ ಬಲಗಡೆಯಿಂದ ಒಬ್ಬ ಗಂಡಸಿನ ಒರಟು ದನಿ, "ನನ್ನ ಮನವೇ, ಯೆಹೋವನನ್ನು ಕೊಂಡಾಡು" ಅಂತ ಎತ್ತಿಕೊಂಡಿತು. ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹೆಂಗಸರ ಕಡೆಯವರು ಸೇರಿಕೊಂಡರು. ಸಭೆಯ ದನಿ ಇಷ್ಟು ದಪ್ಪಗಿದೆ ಎಂದು ನನಗೆ ತಿಳಿದಿರಲಿಲ್ಲ. ಸ್ಪೀಕರಿನಿಂದ ಬರುತ್ತಿದ್ದುದು ಅವನೊಬ್ಬನ ದನಿ ತಾನೇ. ಆ ಕೀರ್ತನೆಯಲ್ಲಿ ದಾವೀದ ಮಾತಾಡುವುದು ತನ್ನ ಮನಸ್ಸಿನ ಜೊತೆ. ಹಾಡಿಸುವವನು ಒಬ್ಬ ಎದುರಿಗಿರಬೇಕೆಂಬ ಗೋಜೇ ಅದರಲ್ಲಿಲ್ಲ.

ಊಟದ ಹೊತ್ತಿಗೆ ದೂರು ಶುರುವಾಯಿತು. "ಇವತ್ತು ಅಭಿಷೇಕವೇ ಇರಲಿಲ್ಲ" (ದೇವರಾತ್ಮ ಇಳಿದು ಬರಲಿಲ್ಲ ಅಂತ ಅರ್ಥ). "ಬ್ರದರ್‌ಗೂ ಪಾಸ್ಟರ್‌ಗೂ ಏನೋ ಆಗಿದೆಯಂತೆ." ವಿಷಯ ಕಮಿಟಿಗೂ ಬಂತು. ಹಿರಿಯರೊಬ್ಬರು, "ಈ ತಾಲಂತು, ಈ ವರ ಕೊಟ್ಟಿದ್ದು ದೇವರೇ ತಾನೇ? ಮುಚ್ಚಿಡೋದು ಯಾಕೆ?" ಎಂದು ಕೇಳಿದರು. ಮಾತು ನ್ಯಾಯವಾದದ್ದೇ. ಅದಕ್ಕೆ ಅವನು ಬೈಬಲಿನ ತಾಮ್ರದ ಸರ್ಪದ ಕಥೆ ತೆಗೆದ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಅದನ್ನು ಮಾಡಿಸಿ ಕಂಬದ ಮೇಲೆ ಏರಿಸಲು ಮೋಶೆಗೆ ಹೇಳಿದ್ದು ದೇವರೇ. ಶತಮಾನಗಳು ಕಳೆದ ಮೇಲೆ ನೋಡಿದರೆ ಇಸ್ರಾಯೇಲ್ಯರು ಅದಕ್ಕೇ ಧೂಪ ಹಾಕುತ್ತಿದ್ದರು. ಅರಸನಾದ ಹಿಜ್ಕೀಯ ಅದನ್ನು ಒಡೆದು ಚೂರುಚೂರು ಮಾಡಿದ.

"ಹಾಗಂತ ನಿನ್ನನ್ನೂ ಒಡೀಬೇಕೇನಪ್ಪಾ?" ಅಂದರು ಹಿರಿಯರು.

"ಬೇಡ ಅಂಕಲ್, ಅದಕ್ಕೇ ನಾನಾಗೇ ಕಂಬದಿಂದ ಇಳಿದು ಕಂಬದ ಹಿಂದೆ ನಿಂತಿದ್ದೀನಿ."

ಪಾಸ್ಟರು ನಕ್ಕರು. ಮಿಕ್ಕವರಿಗೆ ಅಷ್ಟು ನಗು ಬರಲಿಲ್ಲ.

ಇದು ಹೊಸ ತಲೆನೋವೇನಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿಗೆ ಉತ್ತರ ಆಫ್ರಿಕದ ಹಿಪ್ಪೋದಲ್ಲಿ ಬಿಷಪರಾಗಿದ್ದ ಸಂತ ಅಗಸ್ಟಿನ್ ತಮ್ಮ ಆತ್ಮಕಥನದಲ್ಲಿ ಇದನ್ನೇ ಒದ್ದಾಡಿಕೊಂಡು ಬರೆದಿದ್ದಾರೆ: ಹಾಡಿನಲ್ಲಿರುವ ಮಾತಿಗಿಂತ ಹಾಡುವ ದನಿಯೇ ನನ್ನನ್ನು ಹೆಚ್ಚು ಕಲಕಿದರೆ ಅದು ಪಾಪ, ಆಗ ಹಾಡುವವರ ದನಿ ಕೇಳದಿದ್ದರೇ ವಾಸಿ ಎಂದು. ಹಾಗಂದವರು ಹಾಡನ್ನು ಚರ್ಚಿನಿಂದ ಹೊರಗೆ ಹಾಕಲಿಲ್ಲ. ದೀಕ್ಷಾಸ್ನಾನದ ದಿನಗಳಲ್ಲಿ ಹಾಡು ಕೇಳಿ ತಾವೇ ಅತ್ತದ್ದು ಅವರಿಗೆ ನೆನಪಿತ್ತು. ನನಗೂ ಈ ಇಬ್ಬಂದಿಯೇ ಸರಿ ಅನ್ನಿಸುತ್ತದೆ. ಹಾಡುವವನನ್ನು ಬೈದು ಪ್ರಯೋಜನವಿಲ್ಲ, ಒಳ್ಳೆಯ ದನಿಯನ್ನು ಹೂತಿಟ್ಟೂ ಪ್ರಯೋಜನವಿಲ್ಲ. ನೋಡುವ ಕಣ್ಣು ನಮ್ಮದು.

ಅಮ್ಮನಿಗೆ ಈ ಗಲಾಟೆಯೇ ಅರ್ಥವಾಗಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಮಂಗಳೂರು ಕಡೆಯ ಹಳೆಯ ಚರ್ಚಿನಲ್ಲಿ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳ ಕಾಲದಿಂದ ಉಳಿದುಬಂದ, ಜರ್ಮನ್ ರಾಗಕ್ಕೆ ಕನ್ನಡದ ಮಾತು ಕೂಡಿಸಿದ ಹಾಡುಗಳು ಅವಳಿಗೆ ಬಾಯಿಪಾಠ. ಅವುಗಳನ್ನು ಬರೆದವರು ಯಾರು ಎಂದರೆ ಗೊತ್ತಿಲ್ಲ. ಆಗ ಯಾರು ಹಾಡಿಸುತ್ತಿದ್ದರು ಎಂದು ಕೇಳಿದೆ. "ಯಾರೋ ಪಕ್ಕದಲ್ಲಿ ಕೂತು ಆರ್ಗನ್ ಬಾರಿಸ್ತಿದ್ರಪ್ಪ, ಯಾರು ನೋಡ್ತಾರೆ" ಅಂದಳು.

ನೋಡುವವರು ಇಲ್ಲಿದ್ದಾರೆ. ಈಗ ನಮ್ಮಲ್ಲಿ ಎಡಗಡೆಯ ಕುರ್ಚಿಗಳು ಮೊದಲು ತುಂಬುತ್ತವೆ. ಕಂಬ ಅಡ್ಡ ಬಾರದ ಸಾಲು ಯಾವುದೆಂದು ಎಲ್ಲರೂ ಕಂಡುಕೊಂಡಿದ್ದಾರೆ. ಅವನಿಗೂ ಇದು ತಿಳಿದಿದೆ. ಮೊನ್ನೆ ಬಂದು, ಸ್ಟ್ಯಾಂಡನ್ನು ನನ್ನ ಮೇಜಿನ ಪಕ್ಕಕ್ಕೇ, ಎಲ್ಲರ ಬೆನ್ನಿಗೆ ಹಾಕಿದರೆ ಹೇಗೆ ಎಂದು ಕೇಳಿದ. ಡ್ರಮ್ಮಿನವನು ಸುತರಾಂ ಒಪ್ಪುತ್ತಿಲ್ಲ, ಅಷ್ಟು ದೂರದಿಂದ ತಾಳ ಕೂರುವುದಿಲ್ಲವಂತೆ. ಕೇಬಲ್ಲೂ ಸಾಲದು. ಉದ್ದದ್ದೊಂದು ತರಲು ಕಮಿಟಿಯ ಹತ್ತಿರ ದುಡ್ಡು ಕೇಳಬೇಕು, ಯಾಕೆ ಅಂತ ಅವರು ಕೇಳೇ ಕೇಳುತ್ತಾರೆ.