ರಾ ಫೈಲುಗಳನ್ನು ಡಿಎನ್‌ಜಿ ಮಾಡಿಟ್ಟು ಮೂಲ ಅಳಿಸಬಹುದೇ?

ಚಿಕ್ಕ ಉತ್ತರ: ಡಿಎನ್‌ಜಿ ಮಾಡಿಕೊಳ್ಳಿ, ಮೂಲ ಅಳಿಸಬೇಡಿ. ರಾ ಎಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಕ್ಯಾಮೆರಾ ಬರೆಯುವ ಫೈಲ್, ಹೆಚ್ಚಿನ ಕಂಪನಿಗಳಿಗೆ ಅದರಲ್ಲಿ ತಮ್ಮದೇ ಸ್ವರೂಪ. ಡಿಎನ್‌ಜಿ ಎಲ್ಲ ಕ್ಯಾಮೆರಾಗಳಿಗೂ ಹೊಂದುವ ಒಂದು ರಾ ಸ್ವರೂಪ. ಇದನ್ನು ಕೇಳುವವರಲ್ಲಿ ಕೆಲವರಿಗೆ ಹಾರ್ಡ್ ಡಿಸ್ಕ್ ತುಂಬಿದ ಚಿಂತೆ, ಇನ್ನು ಕೆಲವರಿಗೆ ಇಪ್ಪತ್ತು ವರ್ಷದ ಮೇಲೆ ಫೈಲ್ ತೆರೆಯದೇ ಹೋದರೆ ಎಂಬ ಭಯ.

ಭಯದ ಮಾತು ಮೊದಲು. ಕೊನಿಕಾ ಮಿನೋಲ್ಟಾ 2006ರಲ್ಲೇ ಕ್ಯಾಮೆರಾ ವ್ಯವಹಾರ ಬಿಟ್ಟಿತು. ಅದರ ರಾ ಸ್ವರೂಪವಾದ ಎಂಆರ್‌ಡಬ್ಲ್ಯೂ ಫೈಲುಗಳು ಇಂದಿಗೂ ತೆರೆಯುತ್ತವೆ. ರಾ ಫೈಲುಗಳನ್ನು ಓದುವ ಮುಕ್ತ ಸಾಫ್ಟ್‌ವೇರುಗಳಾದ ಡೇವ್ ಕಾಫಿನ್ ಬರೆದ ಡಿಸಿರಾ, ಅದರಿಂದ ಬೆಳೆದ ಲಿಬ್‌ರಾ ಇರುವ ತನಕ ಹೆಸರಾಂತ ಕ್ಯಾಮೆರಾಗಳ ಫೈಲುಗಳಿಗೆ ರಾತ್ರೋರಾತ್ರಿ ಬೀಗ ಬೀಳುವುದಿಲ್ಲ. ದಿನನಿತ್ಯ ಕಾಡುವುದು ಇದರ ತಿರುವುಮುರುವು: ಕ್ಯಾಮೆರಾ ಹೊಸದು, ಸಾಫ್ಟ್‌ವೇರ್ ಹಳೆಯದು. ಅಲ್ಲಿ ಡಿಎನ್‌ಜಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅಡೋಬಿ 2004ರಲ್ಲಿ ಟಿಫ್ ಎಂಬ ಹಳೆಯ ಚಿತ್ರ ಸ್ವರೂಪದ ರಚನೆಯ ಮೇಲೆ ಕಟ್ಟಿ, ಯಾರು ಬೇಕಾದರೂ ಬಳಸಲಿ ಎಂದು ವಿವರ ಪ್ರಕಟಿಸಿದ ಸ್ವರೂಪ ಇದು. ಸೆನ್ಸರಿನ ಬಣ್ಣದ ಜೋಡಣೆ, ಕಪ್ಪು-ಬಿಳುಪಿನ ಮಟ್ಟ, ಬಣ್ಣ ಲೆಕ್ಕಹಾಕುವ ಮ್ಯಾಟ್ರಿಕ್ಸ್ ಎಲ್ಲ ಫೈಲಿನೊಳಗೇ ಇರುವುದರಿಂದ ತೆರೆಯುವ ಸಾಫ್ಟ್‌ವೇರಿಗೆ ಆ ಕ್ಯಾಮೆರಾದ ಪರಿಚಯ ಇರಲೇಬೇಕೆಂದಿಲ್ಲ.

ಇನ್ನು ಜಾಗ. 24 ಮೆಗಾಪಿಕ್ಸೆಲ್, 14 ಬಿಟ್‌ನ ಫೈಲ್ ಕುಗ್ಗಿಸದೆ ಇಟ್ಟರೆ 42 ಎಂಬಿ ಆಸುಪಾಸು. ಅಂಥದ್ದು ಡಿಎನ್‌ಜಿಯಲ್ಲಿ ಚೆನ್ನಾಗಿಯೇ ಇಳಿಯುತ್ತದೆ. ಕ್ಯಾಮೆರಾ ಆಗಲೇ ಲಾಸ್‌ಲೆಸ್ ಆಗಿ, ಅಂದರೆ ಏನೂ ಕಳೆಯದೆ, ಕುಗ್ಗಿಸಿದ್ದರೆ ಉಳಿತಾಯ ಅಲ್ಪ. ಸ್ವಲ್ಪ ಮಾಹಿತಿ ಬಿಟ್ಟು ಚಿಕ್ಕದಾಗಿಸುವ ಕ್ಯಾನನ್‌ನ ಸಿ-ರಾ, ನಿಕಾನ್‌ನ ಹೈ ಎಫಿಷಿಯೆನ್ಸಿ ಥರದವನ್ನು ಬದಲಿಸಿದರೆ ಫೈಲ್ ದೊಡ್ಡದೇ ಆದೀತು. ಒಮ್ಮೆ ಹಿಂಡಿ ತೆಗೆದದ್ದನ್ನು ಲಾಸ್‌ಲೆಸ್ ವಿಧಾನ ಅಷ್ಟು ಚಿಕ್ಕದಾಗಿ ಮಡಚಲಾರದು. ಜಾಗವೇ ಬೇಕಿದ್ದರೆ ಫೋಕಸ್ ತಪ್ಪಿದ, ಮದುಮಗ ಕಣ್ಣು ಮುಚ್ಚಿದ ಫ್ರೇಮುಗಳನ್ನು ಅಳಿಸಿ. ಅದರಷ್ಟು ಲಾಭ ಯಾವ ಕನ್ವರ್ಟರೂ ಕೊಡದು.

ಅಡೋಬಿ ಡಿಎನ್‌ಜಿ ಕನ್ವರ್ಟರ್ ವಿಂಡೋಸ್, ಮ್ಯಾಕ್ ಎರಡಕ್ಕೂ ಉಚಿತ. ಲಿನಕ್ಸ್‌ನವರಿಗೆ ಡಿಎನ್‌ಜಿಲ್ಯಾಬ್ ಇದೆ. ಕನ್ವರ್ಟರಿನ ಪ್ರಿಫರೆನ್ಸಸ್‌ನಲ್ಲಿ ಜೆಪೆಗ್ ಪ್ರಿವ್ಯೂ ಮೀಡಿಯಂ ಸಾಕು. ಮಾಹಿತಿ ಕಳೆದು ಕುಗ್ಗಿಸುವ ಲಾಸಿ ಕಂಪ್ರೆಶನ್‌ಗೆ ಟಿಕ್ ಬೇಡ, ಆರ್ಕೈವ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಕಸ್ಟಮ್ ಆಯ್ಕೆಯಲ್ಲಿ ಕಾಣುವ ಲೀನಿಯರ್ ಕೂಡ ಬೇಡ. ಅದು ಪ್ರತಿ ಪಿಕ್ಸೆಲ್‌ಗೆ ಒಂದರ ಬದಲು ಮೂರು ಬಣ್ಣದ ಬೆಲೆ ಬರೆದು ಫೈಲನ್ನು ಊದಿಸುತ್ತದೆ. ಜೊತೆಗೆ ಡಿಮೊಸೈಕ್ (ಸೆನ್ಸರಿನ ಒಂಟಿ ಬಣ್ಣಗಳಿಂದ ಪೂರ್ಣ ಬಣ್ಣ ಲೆಕ್ಕಹಾಕುವ ಕೆಲಸ) ಆಗಲೇ ಮುಗಿದಿರುವುದರಿಂದ ನಾಳೆ ಬರುವ ಉತ್ತಮ ವಿಧಾನ, ಅದರಲ್ಲೂ ಬಣ್ಣದ ಜೋಡಣೆ ಬೇರೆಯೇ ಇರುವ ಫ್ಯೂಜಿಯ ಎಕ್ಸ್-ಟ್ರಾನ್ಸ್ ಸೆನ್ಸರಿನ ಫೈಲುಗಳಿಗೆ, ಉಪಯೋಗಕ್ಕೆ ಬರುವುದಿಲ್ಲ. ಮೂಲ ರಾ ಫೈಲನ್ನು ಡಿಎನ್‌ಜಿಯೊಳಗೇ ಹುದುಗಿಸುವ ಆಯ್ಕೆ ಜಾಣತನದಂತೆ ಕಾಣುತ್ತದೆ, ಆದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಒಂದು ಫೈಲ್ ಕೆಟ್ಟರೆ ಎರಡೂ ಹೋದ ಹಾಗೆ. ಮೂಲವನ್ನು ಬೇರೆ ಡಿಸ್ಕಿನಲ್ಲಿಡುವುದೇ ಮೇಲು.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಎರಡು ಕ್ಯಾಮೆರಾಗಳ ಎರಡು ಫೋಟೋಗಳಿಗೆ ಒಂದೇ ಸಂಖ್ಯೆ ಬಿದ್ದಿದ್ದು, ಎರಡನ್ನೂ ಒಂದೇ ಫೋಲ್ಡರಿಗೆ ಬದಲಿಸಿದಾಗ 'ಆಗಲೇ ಇದ್ದರೆ ಬಿಟ್ಟುಬಿಡು' ಎಂಬ ಟಿಕ್ ಇದ್ದರೆ ಎರಡನೆಯದು ಸದ್ದಿಲ್ಲದೆ ತಪ್ಪಿಹೋಗುತ್ತದೆ. ಮೊದಲೇ ದಿನಾಂಕ, ಕ್ಯಾಮೆರಾ ಸೇರಿಸಿ ಹೆಸರಿಡಿ. ಮುಗಿದ ಮೇಲೆ ಎರಡೂ ಕಡೆ ಫೈಲ್ ಎಣಿಸಿ.

ಮೂಲ ಏಕೆ ಉಳಿಸಬೇಕು? ಕಂಪನಿಗಳದೇ ಸಾಫ್ಟ್‌ವೇರುಗಳಾದ ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನ್‌ನ ಡಿಪಿಪಿ ತಮ್ಮದೇ ಕ್ಯಾಮೆರಾದ ಚಿತ್ರವಾದರೂ ಕನ್ವರ್ಟರಿನ ಡಿಎನ್‌ಜಿಯನ್ನು ತೆರೆಯುವುದಿಲ್ಲ. ಮೂಲವನ್ನು ಒಳಗೆ ಹುದುಗಿಸಿರದಿದ್ದರೆ ಡಿಎನ್‌ಜಿಯಿಂದ ಹಿಂದಕ್ಕೆ ನಿಕಾನ್‌ನ ರಾ ಆದ ಎನ್‌ಇಎಫ್ ಮಾಡುವ ದಾರಿಯೂ ಇಲ್ಲ.

ಬ್ಯಾಕಪ್ ಇಡುವವರು ಇದನ್ನೂ ಗಮನಿಸಿ. ಅಡೋಬಿಯ ಸಾಫ್ಟ್‌ವೇರುಗಳು ಡಿಎನ್‌ಜಿಯಲ್ಲಿ ಸ್ಟಾರ್, ಕೀವರ್ಡ್, ಎಡಿಟ್ ಎಲ್ಲವನ್ನೂ ಸಾಮಾನ್ಯವಾಗಿ ಫೈಲಿನೊಳಗೇ ಬರೆಯುತ್ತವೆ, ಇವನ್ನು ಬೇರೆಯಾಗಿ ಹಿಡಿದಿಡುವ ಎಕ್ಸ್‌ಎಂಪಿ ಫೈಲ್ ಪಕ್ಕದಲ್ಲಿ ಇರುವುದಿಲ್ಲ. ಒಂದು ಸ್ಟಾರ್ ಬದಲಿಸಿದರೂ ಫೈಲ್ ಬದಲಾಯಿತೆಂದು ಬ್ಯಾಕಪ್ ಸಾಫ್ಟ್‌ವೇರ್ ಇಡೀ ಫೈಲನ್ನು ಮತ್ತೆ ನಕಲಿಸಬಹುದು, ಮೊದಲು ತೆಗೆದಿಟ್ಟ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಾಳೆಯಾಗುವುದಿಲ್ಲ. ಕೀವರ್ಡ್ ಕೆಲಸ ಪೂರ್ತಿ ಮುಗಿಸಿ ಆಮೇಲೆ ಚೆಕ್‌ಸಮ್ ತೆಗೆಯಿರಿ. ಚಿತ್ರದ ದತ್ತಾಂಶಕ್ಕೆ ಮಾತ್ರ ಡಿಎನ್‌ಜಿಯೊಳಗೇ ಬೇರೆ ಚೆಕ್‌ಸಮ್ ಇರುತ್ತದೆ, ಸ್ಟಾರ್ ಬದಲಿಸಿದರೆ ಅದಕ್ಕೆ ಧಕ್ಕೆಯಿಲ್ಲ. ಲೈಟ್‌ರೂಮ್ ಕ್ಲಾಸಿಕ್‌ನ 'ವ್ಯಾಲಿಡೇಟ್ ಡಿಎನ್‌ಜಿ ಫೈಲ್ಸ್' ಪರೀಕ್ಷಿಸುವುದು ಅದನ್ನೇ. ವರ್ಷಕ್ಕೊಮ್ಮೆ ಇಡೀ ಆರ್ಕೈವ್ ಮೇಲೆ ಓಡಿಸಿ, ಕೆಟ್ಟದ್ದು ಸಿಕ್ಕರೆ ಇನ್ನೊಂದು ಡಿಸ್ಕಿನಿಂದ ತಂದು ಹಾಕಿ.