ಅಪ್ಪನ ಬೆನ್ನಿಗೆ ಡೈಪರ್ ಬ್ಯಾಗ್

ಅಂಗಡಿಯಲ್ಲಿ ಡೈಪರ್ ಬ್ಯಾಗ್ ಕೇಳಿದರೆ ಮೊದಲು ತೋರಿಸಿದ್ದು ಗುಲಾಬಿ ಬಣ್ಣದ್ದು, ಕರಡಿ ಚಿತ್ರದ್ದು, ಒಂದೇ ಹೆಗಲಿಗೆ ಹಾಕುವಂಥದ್ದು. ಇದನ್ನು ಗಂಡಸರೂ ಹೊರಬಹುದು ಅಂತ ಯಾರಿಗೂ ಹೊಳೆದಿಲ್ಲ ಅನಿಸುತ್ತದೆ. ನಾನು ಬೆನ್ನಿಗೆ ಹಾಕುವಂಥದ್ದನ್ನೇ ತಗೊಂಡೆ. ಮಗು ಎತ್ತಿಕೊಂಡಾಗ ಎರಡೂ ಕೈ ಬೇಕು ನೋಡಿ. ಒಳಗಿನ ಬಟ್ಟೆ ತಿಳಿ ಬಣ್ಣದ್ದಿರಲಿ, ಕಪ್ಪಾದರೆ ಪುಟ್ಟ ಸಾಕ್ಸ್ ಹುಡುಕುವುದೇ ಕೆಲಸ.

ನಾಳೆ 6ನೇ ವಾರದ ಲಸಿಕೆ. ಐದು ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್ ಹಾಕಿದ ಮೇಲೆ ಸ್ವಲ್ಪ ಜ್ವರ ಬರಬಹುದು. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಬ್ಯಾಗಿನ ಮುಂದಿನ ಜೇಬಿಗೆ. ಐದಾರು ಡೈಪರ್, ಹಾಸಲು ರಬ್ಬರ್ ಶೀಟ್, ಎರಡು ಜೊತೆ ಬಟ್ಟೆ, ಗಲೀಜಾದದ್ದಕ್ಕೆ ಕವರ್. ನೀರಿನ ಬಾಟಲಿ ನನ್ನ ಹೆಂಡತಿಗೆ ಮಾತ್ರ. 6 ತಿಂಗಳವರೆಗೆ ಮಗುವಿಗೆ ಎದೆಹಾಲೇ ಸಾಕು.

ಅಮ್ಮನಿಗೆ ಇದೆಲ್ಲ ಜಾಸ್ತಿ ಅನಿಸಿದೆ. "ನಿನ್ನ ಕಾಲಕ್ಕೆ ಹಳೇ ಪಂಚೆ ಹರಿದು ಲಂಗೋಟಿ ಮಾಡಿದ್ದೆ, ಒಂದು ಬಟ್ಟೆ ಚೀಲ ಸಾಕಾಗಿತ್ತು ಕಣೋ." ನಿಜ. ಆ ಚೀಲ ಹೊತ್ತದ್ದೂ ಅಮ್ಮನೇ ಅಲ್ವಾ? ಅಪ್ಪ ಸುಮ್ನೆ ಕೈಬೀಸಿಕೊಂಡು ಮುಂದೆ ನಡೆಯುತ್ತಿದ್ದರು.

ಅಂದಹಾಗೆ, ಮಾಲ್‌ಗಳಲ್ಲಿ ಡೈಪರ್ ಬದಲಿಸುವ ಹಲಗೆ ಇದ್ದರೂ ಬಹಳ ಕಡೆ ಹೆಂಗಸರ ಟಾಯ್ಲೆಟ್‌ನಲ್ಲಿ ಮಾತ್ರ. ನಮ್ಮಂಥವರಿಗೆ ಕಾರಿನ ಹಿಂದಿನ ಸೀಟೇ ಗತಿ. ರಬ್ಬರ್ ಶೀಟ್ ಮರೆಯಬೇಡಿ.